ನಮ್ಮ ಫೋನು ಅವರ ಮನೆಯಲ್ಲಿ ರಿಂಗಾಗುತ್ತಿದ್ದಾಗ

ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನು ಕೆಡುವುದಕ್ಕೆ ದೊಡ್ಡ ಮಳೆಯೇನೂ ಬೇಕಿಲ್ಲ. ಬಾರ್ಕೂರಿನ ಮೇಲೆ ಒಂದು ಮೋಡ ನಿಂತು ಯೋಚನೆ ಮಾಡಿದರೂ ಸಾಕು, ರಿಸೀವರಿನೊಳಗೆ ಮೀನು ಹುರಿಯುವ ಸದ್ದು ಶುರುವಾಗುತ್ತದೆ. ಮೀನು ಹದಕ್ಕೆ ಬರುವಷ್ಟರಲ್ಲಿ ಫೋನು ಸತ್ತಿರುತ್ತದೆ. ಈ ಕಾಲದಲ್ಲೂ ಆ ಫೋನು ಯಾಕೆ ಎಂದು ಕೇಳುವವರನ್ನು ನಾನು ಸುಮ್ಮನೆ ಒಳಗೆ ಕರೆದು ಕೂರಿಸುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಅವರು ಮೊಬೈಲನ್ನು ತಲೆಯ ಮೇಲೆ ಹಿಡಿದುಕೊಂಡು ಬಾವಿಕಟ್ಟೆಯ ಕಡೆ ನಡೆಯತೊಡಗುತ್ತಾರೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ, ಅದೂ ಬಾವಿಗೆ ಬೆನ್ನು ಹಾಕಿ ನಿಂತರೆ. ಎಂಬತ್ತು ದಾಟಿದ ನಮ್ಮ ಅತ್ತೆಯನ್ನು ಹಾಗೆ ನಿಲ್ಲಿಸುವ ಧೈರ್ಯ ನನಗಿಲ್ಲ.

ಧೈರ್ಯದ ಮಾತು ಬಂದಿತಲ್ಲ, ಈಗಲೇ ಹೇಳಿಬಿಡುತ್ತೇನೆ. ಚಿಂತೆ ಮಾಡುವುದು ನನಗೆ ಉಸಿರಾಡಿದಷ್ಟು ಸಲೀಸು. ಕುಕ್ಕರ್ ಕೂಗದಿದ್ದರೆ ಯಾಕೆ ಕೂಗಲಿಲ್ಲವೆಂಬ ಚಿಂತೆ, ಕೂಗಿದರೆ ಎಷ್ಟು ಸಲ ಕೂಗಿತೆಂಬ ಚಿಂತೆ. ನಮ್ಮವರಿಗೆ ಈ ಕಾಯಿಲೆ ಲವಲೇಶವೂ ಇಲ್ಲ. ಮದುವೆಯಾದಾಗ ಅವರ ಪಾಲಿನದೂ ನನ್ನ ಹೆಸರಿಗೇ ವರ್ಗವಾಗಿರಬೇಕು. ಹಾಗಾಗಿ ಫೋನು ಸತ್ತ ಕೂಡಲೇ ಬಾವಿಗೆ ಬೆನ್ನು ಹಾಕಿ ನಿಂತು ಕಂಪೆನಿಗೆ ದೂರು ಕೊಡುವ ಕೆಲಸ ನನ್ನದು. ಬೈಂದೂರಿನಲ್ಲಿರುವ ಅತ್ತೆಯ ತಂಗಿ ದಿನಾ ಮಧ್ಯಾಹ್ನ ಊಟ ಮುಗಿಸಿ ಫೋನು ಮಾಡುತ್ತಾರೆ. ಒಂದು ದಿನ ಲೈನು ಸಿಗದಿದ್ದರೆ ಅಲ್ಲಿ ಅವರಿಗೆ ಸಂಕಟ, ಇಲ್ಲಿ ಇವರಿಗೆ ಸಂಕಟ, ನಡುವೆ ಎರಡೂ ಕಡೆಯದು ನನಗೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಫೋನು ಹೀಗೆ ಎಷ್ಟನೆಯದೋ ಸಲ ಸತ್ತಾಗ ಲೈನ್‌ಮ್ಯಾನ್ ಬಂದರು. ಗುತ್ತಿಗೆಯ ಮೇಲೆ ಕೆಲಸ ಮಾಡುವವರು, ನಾಲ್ಕಾರು ಊರಿಗೆ ಅವರೊಬ್ಬರೇ. ಬೈಕಿಗೆ ತಂತಿಯ ಸುರುಳಿ ನೇತುಹಾಕಿಕೊಂಡು ಓಡಾಡುವ ಅವರು ಯಾವಾಗ ಸಿಕ್ಕಿದರೂ ಇನ್ನೆಲ್ಲಿಗೋ ತಡವಾಗಿರುತ್ತದೆ. ರಸ್ತೆ ಬದಿಯ ಪೆಟ್ಟಿಗೆ ತೆರೆದು ಬಹಳ ಹೊತ್ತು ಏನೇನೋ ಮಾಡಿದರು. ನಮ್ಮದರ ಜೊತೆ ಇನ್ನೊಂದು ಮನೆಯದ್ದೂ ಹಾಳಾಗಿತ್ತಂತೆ, ಎರಡನ್ನೂ ಒಟ್ಟಿಗೇ ಸರಿಮಾಡಿದೆನೆಂದು ಹೇಳಿ ಹೋದರು. ರಿಸೀವರ್ ಎತ್ತಿದರೆ ತಂಬೂರಿಯ ಹಾಗೆ ಶ್ರುತಿಶುದ್ಧ ನಾದ. ಸಂತೋಷಕ್ಕೆ ನಾನು ಅದನ್ನು ನಾಲ್ಕು ಸಲ ಎತ್ತಿ ಕೇಳಿದೆ.

ಮೊದಲ ಕರೆ ಬಂತು. ಗಂಡಸೊಬ್ಬರು ನಮಸ್ಕಾರ ಹೇಳಿ, ಹೋಳಿಗೆ ನೀವೇ ಮಾಡುವುದೋ ಹೊರಗಿನಿಂದ ತರಿಸುವುದೋ ಎಂದು ಕೇಳಿದರು. ರಾಂಗ್ ನಂಬರ್ ಎಂದು ಇಟ್ಟೆ. ಆಮೇಲೆ ಬಂದ ಕರೆಗಳೂ ಅಂಥವೇ: ಮುನ್ನೂರು ಜನಕ್ಕೆ ಎಷ್ಟು ಸಾರು, ಬಡಿಸುವವರು ನಿಮ್ಮವರೋ ನಮ್ಮವರೋ. ಎಲ್ಲರಿಗೂ ಬೇಕಾದದ್ದು ರೈಲು ಹಳಿಯ ಆಚೆ ಇರುವ, ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ದಂಪತಿಯ ಮನೆ. ಅವರ ಕೈಯ ಊಟ ನಾವೂ ಎಷ್ಟೋ ಸಲ ಉಂಡಿದ್ದೇವೆ. ನಮಗೆ ಬರಬೇಕಾದ ಕರೆ ಮಾತ್ರ ಒಂದೂ ಬರಲಿಲ್ಲ. ಬೈಂದೂರಿನ ತಂಗಿ ಫೋನು ನಿಲ್ಲಿಸಿಯೇಬಿಟ್ಟಳೆಂದು ಅತ್ತೆಗೆ ಮುನಿಸು. ನೀವೇ ಮಾಡಿ ಎಂದರೆ, ದೊಡ್ಡವಳು ನಾನು, ನಾನ್ಯಾಕೆ ಮೊದಲು ಮಾಡಲಿ ಎಂಬ ಗತ್ತು.

ನಾನು ಕಂಪೆನಿಗೆ ದೂರು ಕೊಟ್ಟೆ. ಮರುದಿನ ಬಾವಿಕಟ್ಟೆಗೆ ಹೋದಾಗ ಮೊಬೈಲಿಗೆ ಸಂದೇಶ ಬಂದು ಬಿತ್ತು: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ಮತ್ತೆ ಕೊಟ್ಟೆ, ಮತ್ತೆ ಯಶಸ್ವಿಯಾಗಿ ಪರಿಹರಿಸಿದರು. ನನ್ನ ಜೀವನದಲ್ಲಿ ಅಷ್ಟು ಯಶಸ್ಸು ಒಟ್ಟಿಗೆ ಬಂದದ್ದು ಆಗಲೇ. ಕೊನೆಗೆ ದೂರು ಕೇಂದ್ರದ ಹುಡುಗಿಯನ್ನು ಹಿಡಿದು ಕೇಳಿದಾಗ ಅವಳು ತಾಳ್ಮೆಯಿಂದ, "ಮೇಡಂ, ನಾವು ನಿಮ್ಮ ನಂಬರಿಗೇ ಕಾಲ್ ಮಾಡಿ ಕೇಳಿದ್ದೇವೆ. ಫೋನು ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಅಂತ ನಿಮ್ಮ ಮನೆಯವರೇ ಹೇಳಿದ್ದಾರೆ" ಎಂದಳು. ನಾನು ಅತ್ತೆಯನ್ನು ವಿಚಾರಿಸಿದೆ, ಅವರಲ್ಲವಂತೆ. ನಮ್ಮವರನ್ನು ವಿಚಾರಿಸಿದೆ. ಅವರು ಪೇಪರಿನಿಂದ ತಲೆಯೆತ್ತದೆ, ತಾನು ಇಷ್ಟು ವರ್ಷದಲ್ಲಿ ಆ ಫೋನು ಎತ್ತಿದ್ದನ್ನು ಕಂಡಿದ್ದೀಯಾ ಎಂದು ಕೇಳಿದರು. ಅದು ನಿಜ.

ಗುಟ್ಟು ಒಡೆದದ್ದು ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ. ಸಾಮಾನು ತರಲು ಹೋದವಳಿಗೆ ಅಂಗಳದಲ್ಲಿ ಮೆಣಸು ಒಣಹಾಕಿದ್ದು ನೆನಪಾಯಿತು, ಮೋಡ ಕಟ್ಟುತ್ತಿತ್ತು. ಮನೆಗೆ ಫೋನು ಮಾಡಿದೆ. ಎತ್ತಿದ ದನಿ ಅತ್ತೆಯದಲ್ಲ.

"ಯಾರ್ ನೀವ್?" ಎಂದೆ. "ಅದ್ ನಮ್ಮನಿ."

"ಎಂತ ನಿಮ್ಮನಿ? ನಾನ್ ಮದಿಯಾಯಿ ಬಂದಾಗಿಂದ ಇಲ್ಲೇ ಇದ್ದೆ" ಎಂದಿತು ಆ ದನಿ.

ಫೋನು ಇಟ್ಟೆ. ಅತ್ತೆ ಬಿದ್ದಿದ್ದಾರೆ, ಅಕ್ಕಪಕ್ಕದವರು ಸೇರಿದ್ದಾರೆ, ನನಗೆ ಗಾಬರಿಯಾಗಬಾರದೆಂದು ಯಾರೋ ಹೀಗೆ ಆಡುತ್ತಿದ್ದಾರೆ ಎಂಬುದು ಬಸ್ಸು ಹತ್ತುವಷ್ಟರಲ್ಲಿ ನಿಶ್ಚಯವಾಯಿತು. ಇಳಿಯುವಷ್ಟರಲ್ಲಿ ಯಾರ್ಯಾರಿಗೆ ತಿಳಿಸಬೇಕೆಂಬುದೂ ನಿಶ್ಚಯವಾಗಿತ್ತು. ಓಡಿಕೊಂಡು ಬಂದು ನೋಡಿದರೆ ಮೆಣಸು ಅಂಗಳದಲ್ಲೇ ಇದೆ. ಅತ್ತೆ ಫೋನಿನ ಪಕ್ಕದ ಕುರ್ಚಿಯಲ್ಲಿ, ಊರಿನ ಪಂಚಾಯಿತಿ ತೀರಿಸಿದವರ ಹಾಗೆ ಕೂತಿದ್ದಾರೆ.

"ಬಪ್ಪ ಆಯ್ತವಾರ ಹಾಲಾಡಿಯಲ್ಲ್ ಸೀಮಂತ" ಎಂದರು. "ನೂರೈವತ್ತ್ ಜನ. ನಾನ್ ಒಪ್ಕಂಡೆ."

ನಡೆದದ್ದು ಇಷ್ಟು. ಹಾಲಾಡಿ ಕಡೆಯ ಒಬ್ಬ ತಾಯಿ ಚೊಚ್ಚಲ ಬಸುರಿ ಮಗಳ ಬರುವ ಭಾನುವಾರದ ಸೀಮಂತಕ್ಕೆ ಅಡುಗೆಯವರನ್ನು ಕೇಳಿ ಫೋನು ಮಾಡಿದ್ದಾರೆ. ಅತ್ತೆ ರಾಂಗ್ ನಂಬರ್ ಎನ್ನುವ ಮೊದಲು, ಹುಡುಗಿಗೆ ಎಂತ ತಿನ್ನುವ ಆಸೆ ಎಂದು ಕೇಳಿಬಿಟ್ಟಿದ್ದಾರೆ. ಬಸುರಿಯ ಸುದ್ದಿ ಕೇಳಿದರೆ ನಮ್ಮ ಕಡೆ ಯಾರೇ ಆದರೂ ಮೊದಲು ಕೇಳುವುದು ಅದನ್ನೇ. ಕೊಟ್ಟೆಕಡುಬು ಅಂತೆ. ಹಲಸಿನ ಎಲೆ ಸೇರಿಸಿ ಕಟ್ಟಿದ, ದೊನ್ನೆಯಂಥ ಕೊಟ್ಟೆಯಲ್ಲಿ ಬೆಂದದ್ದೇ ಆಗಬೇಕಂತೆ. ಎಲೆ ಚುಚ್ಚಿ ಕೊಟ್ಟೆ ಕಟ್ಟುವವರು ಯಾರೂ ಇಲ್ಲ, ಕೇಳಿದವರೆಲ್ಲ ಇಡ್ಲಿ ಮಾಡುತ್ತೇವೆ ಎನ್ನುತ್ತಾರಂತೆ. ನೀವಾದರೂ ಮಾಡಿಕೊಡಿ ಎಂದು ಆ ತಾಯಿ ಬೇಡಿಕೊಂಡರಂತೆ. ಇಷ್ಟಾದ ಮೇಲೆ ಅತ್ತೆ ಒಪ್ಪದೆ ಇನ್ನೇನು ಮಾಡಿಯಾರು. ಹೆಸರು ಕೇಳಿರಾ ಎಂದೆ. ಇಲ್ಲ. ಅವರ ನಂಬರು? ಇಲ್ಲ. ಶುಕ್ರವಾರ ಅವರೇ ಮತ್ತೆ ಫೋನು ಮಾಡಿ ದಾರಿ ಹೇಳುತ್ತಾರಂತೆ. ಅತ್ತೆಯ ಮಟ್ಟಿಗೆ ಎಲ್ಲವೂ ಮುಗಿದಿತ್ತು.

ನನ್ನ ಕಣ್ಣಿಗೆ ನೂರೈವತ್ತು ಖಾಲಿ ಎಲೆಗಳೂ, ಮೊದಲನೆಯ ಎಲೆಯ ಮುಂದೆ ಹಸಿರು ಸೀರೆಯುಟ್ಟು ಕೂತ ಒಂದು ಹುಡುಗಿಯೂ ಕಾಣತೊಡಗಿದರು. ಆಗ, ಎಲ್ಲಿಂದ ಬಂತೋ ಆ ಬುದ್ಧಿ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ದನಿ ಯಾರದೆಂದು ಹೊಳೆಯಿತು. ಅವರ ಕರೆ ನಮಗೆ ಬರುತ್ತಿದ್ದರೆ ನಮ್ಮದು ಎಲ್ಲಿಗೆ ಹೋಗುತ್ತಿರಬೇಕು? ಬಾವಿಕಟ್ಟೆಗೆ ಓಡಿ, ಅಡುಗೆಯವರನ್ನು ಹಿಡಿಯಲು ನಮ್ಮ ಮನೆಯ ನಂಬರನ್ನೇ ಒತ್ತಿದೆ. ನಮ್ಮ ಮನೆಯೊಳಗೆ ಫೋನು ರಿಂಗಾಗಲಿಲ್ಲ. ಹಳಿಯ ಆಚೆ ಅಡುಗೆಯವರ ಹೆಂಡತಿ ಫೋನು ಎತ್ತಿದರು.

ವಿಷಯ ತಿಳಿದಾಗ ಅವರು ನಕ್ಕ ನಗುವಿಗೆ ನನ್ನ ಮೊಬೈಲು ಬಿಸಿಯಾಯಿತು. ಮಳೆಗಾಲ ಅಂತ ಯಾರೂ ಊಟ ಇಡುತ್ತಿಲ್ಲ ಎಂದುಕೊಂಡಿದ್ದರಂತೆ. ಕಂಪೆನಿಯವರು ಫೋನು ಸರಿ ಇದೆಯಾ ಎಂದು ಪದೇ ಪದೇ ಕೇಳುತ್ತಿದ್ದರು, ಎಷ್ಟು ಒಳ್ಳೆಯ ಜನ ಎಂದುಕೊಂಡು ಪ್ರತಿಸಲವೂ ಸರಿ ಇದೆ ಎಂದರಂತೆ. ದಿನಾ ಮಧ್ಯಾಹ್ನ ಬೈಂದೂರಿನಿಂದ ಒಬ್ಬರು ಅಜ್ಜಿ ಮಾತಾಡುತ್ತಾರೆ, ಅವರಿಗೆ ಕಿವಿ ಮಂದ, ನಾನು ನಿಮ್ಮ ಅಕ್ಕ ಅಲ್ಲ ಎಂದರೆ ಕೇಳಿಸುವುದೇ ಇಲ್ಲ, ಹಾಗಾಗಿ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ತರಕಾರಿ ಹೆಚ್ಚುತ್ತಾ ಹೂಂಗುಡುತ್ತಿದ್ದರಂತೆ. ಆಮೇಲೆ ದನಿ ತಗ್ಗಿಸಿ, "ಹಾಂಗಾರೆ ಎಲ್ಲದಕ್ಕೂ ಹೆದ್ರು ಸೊಸೆ ಅಂಬುದ್ ನೀವೇಯಾ?" ಎಂದು ಕೇಳಿದರು.

ನಾನೇ ಎಂದೆ. ಬೇರೆ ದಾರಿ ಇರಲಿಲ್ಲ.

ಸಂಕಟ ಇನ್ನೂ ಇತ್ತು. ಆ ಭಾನುವಾರ ಅವರಿಗೆ ಹಂಗಾರಕಟ್ಟೆಯಲ್ಲಿ ಗೃಹಪ್ರವೇಶದ ಊಟ ಮೊದಲೇ ನಿಗದಿಯಾಗಿತ್ತು. ಕೊಟ್ಟೆಕಡುಬಂತೂ ಅವರು ಬಿಟ್ಟು ವರ್ಷಗಳಾಗಿದ್ದವು, ಕೊಟ್ಟೆ ಕಟ್ಟಲು ಜನವಿಲ್ಲ. ನಾನು ಇದನ್ನು ಅತ್ತೆಗೆ ಹೇಳಿದೆ. "ಬಸ್ರಿ ಹೆಣ್ಣಿಗೆ ಕೊಟ್ಟ್ ಮಾತ್ ಮಾರಾಯ್ತಿ. ಕೊಟ್ಟೆ ನಾನ್ ಕಟ್ತೆ" ಎಂದರು. ನಾನ್ ಕಟ್ತೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಕಟ್ಟುವುದು ಎಂದರ್ಥ. ಗಂಡ ಹಂಗಾರಕಟ್ಟೆಗೆ, ಹೆಂಡತಿ ಇಬ್ಬರು ಸಹಾಯಕಿಯರೊಂದಿಗೆ ಹಾಲಾಡಿಗೆ, ಕಡುಬಿನ ಹೊಣೆ ನಮಗೆ ಎಂದು ನಮ್ಮ ನಂಬರಿನಲ್ಲೇ ಒಪ್ಪಂದವಾಯಿತು.

ಉಳಿದದ್ದು ಶುಕ್ರವಾರದ ಕರೆ. ಅದು ಬರದಿದ್ದರೆ ಕಡುಬು ಹೊತ್ತುಕೊಂಡು ಹಾಲಾಡಿ ಪೇಟೆಯ ನಡುವೆ ನಿಂತು, ಹ್ವಾಯ್, ಬಸುರಿ ಯಾರ ಮನೆಯಲ್ಲಿದ್ದಾಳೆ ಎಂದು ಕೂಗಬೇಕಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಲೈನ್‌ಮ್ಯಾನ್ ಬಂದು ನಿಂತರು. ನನ್ನ ದೂರುಗಳು ಕೊನೆಗೂ ಯಾರಿಗೋ ಮುಟ್ಟಿದ್ದವು. ಮನೆಯಲ್ಲಿ ಕಾರ್ಯಕ್ರಮವಿದೆ, ನಾಳೆಯಿಂದ ರಜೆ, ಇವತ್ತೇ ಪೆಟ್ಟಿಗೆ ಬಿಚ್ಚಿ ನೋಡಿಬಿಡುತ್ತೇನೆ ಎಂದರು. ಈಗ ಅದಲುಬದಲಾದದ್ದು ಎರಡೇ ಮನೆ, ಇಬ್ಬರಿಗೂ ಗೊತ್ತಿದೆ. ಈ ಮನುಷ್ಯ ಇನ್ನೊಮ್ಮೆ ಕೈಹಾಕಿ ಅಡುಗೆಯವರ ನಂಬರು ಮೂರನೆಯ ಮನೆಗೆ ಹೋದರೆ? ಅಲ್ಲಿಯವರು ರಾಂಗ್ ನಂಬರ್ ಎಂದು ಇಟ್ಟರೆ?

"ಫೋನ್ ಲಾಯ್ಕಿತ್ತ್, ಎಂತ ತೊಂದ್ರೆ ಇಲ್ಲೆ" ಎಂದೆ.

ಅವರು ನನ್ನ ಮುಖ ನೋಡಿದರು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಬೇರೆಯವರ ಕರೆ ಬರುತ್ತದೆಂದು ಬರೆಸಿದ್ದೀರಲ್ಲ ಎಂದರು. ಅಂಥದ್ದು ಎಂದೂ ಬಂದಿಲ್ಲವೆಂದೆ. ಅಷ್ಟರಲ್ಲೇ ಫೋನು ರಿಂಗಾಗಿ, ಅತ್ತೆ ಎತ್ತಿ, ಪಾಯಸಕ್ಕೆ ಗೋಡಂಬಿ ಜಾಸ್ತಿ ಹಾಕಬೇಡಿ ಎಂದು ಯಾರಿಗೋ ತಾಕೀತು ಮಾಡಿದರು. ನಮ್ಮ ಸಂಬಂಧಿಕರು ಎಂದೆ. ಒಂದು ಲೋಟ ಕಾಫಿ, ಮತ್ತೊಂದು ಲೋಟ ಕಾಫಿ, ಅವಲಕ್ಕಿ. ಅವರು ತಲೆ ಕೆರೆದುಕೊಳ್ಳುತ್ತಾ ಬೈಕು ಹತ್ತಿದರು.

ಶುಕ್ರವಾರ ಅತ್ತೆ ಫೋನಿನ ಪಕ್ಕದಿಂದ ಏಳಲಿಲ್ಲ. ನಾನು ಲೈನಿಗೆ ಜೀವವಿದೆಯೇ ಎಂದು ರಿಸೀವರ್ ಎತ್ತಿ ನೋಡಲು ಹೋದರೆ, ನೀನು ಎತ್ತಿ ಹಿಡಿದಾಗಲೇ ಅವರು ಮಾಡಿದರೆ ಎಂಗೇಜ್ ಬರುವುದಿಲ್ಲವೇ ಎಂದು ಕೈಗೆ ಹೊಡೆದರು. ನಾನು ಯೋಚಿಸದ ಚಿಂತೆಯೊಂದು ಲೋಕದಲ್ಲಿ ಉಳಿದಿತ್ತೆಂದು ಆಗ ಗೊತ್ತಾಯಿತು. ಸಂಜೆಯ ಕಾಫಿಯ ಹೊತ್ತಿಗೆ ಕರೆ ಬಂತು. ಪೇಟೆಯಿಂದ ಸ್ವಲ್ಪ ಒಳಗೆ, ಹಾಲಿನ ಡೈರಿ ಎದುರಿನ ಮನೆ.

ಶನಿವಾರವಿಡೀ ಹಲಸಿನ ಎಲೆ. ತೆಂಗಿನಗರಿಯ ಕಡ್ಡಿ ಚುಚ್ಚಿ ಚುಚ್ಚಿ ನನ್ನ ಬೆರಳು ಜಾಲರಿಯಾಯಿತು. ನಮ್ಮವರು ಕಟ್ಟಿದ ಕೊಟ್ಟೆಗಳೆಲ್ಲ ಸೋರುತ್ತಿದ್ದವು. ಅವರಿಗೆ ಅದರ ಚಿಂತೆಯೂ ಆಗಲಿಲ್ಲ.

ಭಾನುವಾರ ಹಾಲಾಡಿಯ ಆ ಮನೆಯ ಮುಂದೆ ನಾವು ಬಾಡಿಗೆಗೆ ಹಿಡಿದ ಜೀಪು ನಿಂತಾಗ ನಾನು ಕಡುಬಿನ ಪಾತ್ರೆಯೊಂದನ್ನು ಅಪ್ಪಿಕೊಂಡು ಮೊದಲು ಇಳಿದೆ. ಬಿಳಿ ಪಂಚೆ ಉಟ್ಟುಕೊಂಡು, ಬಂದವರಿಗೆ ಕೈಮುಗಿಯುತ್ತಾ ಚಪ್ಪರದ ಬಾಗಿಲಲ್ಲಿ ನಿಂತ ಮನೆಯ ಯಜಮಾನರು ನನ್ನನ್ನು ಕಂಡು ಕೈ ಮುಗಿದಲ್ಲೇ ನಿಂತರು. ಅದು ನಮ್ಮ ಲೈನ್‌ಮ್ಯಾನ್.

"ಅಮ್ಮಾ" ಎಂದರು ಸಣ್ಣ ದನಿಯಲ್ಲಿ. "ಮೊನ್ನೆ ಸರಿ ಮಾಡ್ತೆ ಅಂದ್ರೆ ಬಿಡ್ಲಿಲ್ಲೆ. ಈಗ ಮಗಳ್ ಸೀಮಂತಕ್ ಬಂದ್ ಕಂಪ್ಲೇಂಟ್ ಕೊಡ್ತ್ರಿಯಾ?"

ನಗು ತಡೆಯಲಾಗದೆ ನಾನು ಪಾತ್ರೆಯನ್ನು ಅವರ ಕೈಗೇ ಕೊಟ್ಟು ಅಲ್ಲೇ ಕೂತುಬಿಟ್ಟೆ. ಅಡುಗೆಯವರ ಹೆಂಡತಿ ಎಲ್ಲವನ್ನೂ ಬಿಡಿಸಿ ಹೇಳಿದರು. ನಮ್ಮ ಲೈನಿನ ಜೊತೆ ಆ ದಿನ ಸರಿಮಾಡಿದ ಇನ್ನೊಂದು ಫೋನು ಇವರದೇ. ಆ ದಿನ ಇವರ ಮನೆಯಲ್ಲಿ ಉಂಡ ಊಟ ರುಚಿಯಾಯಿತೆಂದು ನಂಬರು ತಂದು ಹೆಂಡತಿಗೆ ಕೊಟ್ಟವರು ಲೈನ್‌ಮ್ಯಾನೇ. ಹೆಂಡತಿ ಅದಕ್ಕೆ ಮಾಡಿದ ಕರೆಯನ್ನು ಗಂಡ ಕೂಡಿಸಿದ ತಂತಿ ನೇರ ನಮ್ಮ ಅತ್ತೆಯ ಕಿವಿಗೆ ತಲುಪಿಸಿತ್ತು. ಲೈನ್‌ಮ್ಯಾನ್ ಪಾತ್ರೆ ಹಿಡಿದುಕೊಂಡೇ ಕಣ್ಣುಮುಚ್ಚಿ ತಂತಿಯ ಬಣ್ಣಗಳನ್ನು ನೆನಪು ಮಾಡಿಕೊಂಡರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

ಹುಡುಗಿ ಹಸಿರು ಸೀರೆಯನ್ನೇ ಉಟ್ಟಿದ್ದಳು. ಕೊಟ್ಟೆ ಬಿಡಿಸಿ ಮೂಗಿನ ಹತ್ತಿರ ಹಿಡಿದು ಎಲೆಯ ಪರಿಮಳವನ್ನೇ ಮೊದಲು ಉಂಡಳು. ಮೂರನೆಯದನ್ನು ಬಡಿಸುವಾಗ ಬೇಡವೆನ್ನಲಿಲ್ಲ, ನಾಲ್ಕನೆಯದನ್ನು ಕೇಳಿ ಹಾಕಿಸಿಕೊಂಡಳು. ಅವಳ ತಾಯಿ ಅತ್ತೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಹೊರಡುವಾಗ ಲೈನ್‌ಮ್ಯಾನ್ ಜೀಪಿನ ಹತ್ತಿರ ಬಂದು, ನಾಳೆ ಬೆಳಿಗ್ಗೆಯೇ ಬಂದು ಲೈನು ಸರಿಮಾಡುತ್ತೇನೆ ಎಂದು ಮಾತು ಕೊಟ್ಟರು. ಅತ್ತೆ ಪಕ್ಕದಲ್ಲಿದ್ದ ಅಡುಗೆಯವರ ಹೆಂಡತಿಯನ್ನು ನೋಡಿ ಬೇಡವೆಂದರು.

"ಎಂತ ಅವಸರ? ಹೆರಿಗೆ ಆಯ್ಲಿ. ಸುದ್ದಿ ನಂಗ್ ಬರ್ಕ್, ಇವ್ರ ಮನಿಗ್ ಹೋಪುದ್ ಬ್ಯಾಡ."

ನಮ್ಮ ಸರಿಯಾದ ನಂಬರನ್ನು ಬರೆದುಕೊಳ್ಳುತ್ತೇನೆಂದು ಅವರು ಎಷ್ಟು ಹೇಳಿದರೂ ಅತ್ತೆಗೆ ನಂಬಿಕೆ ಬರಲಿಲ್ಲ. ಮೊದಲ ಕರೆ ಬಂದ ದಾರಿ ಗೊತ್ತಿದೆ, ಹೆರಿಗೆಯ ಸುದ್ದಿಯೂ ಅದರಲ್ಲೇ ಬರಲಿ ಎಂದರು. ಅಡುಗೆಯವರಿಗೆ ಬರುವ ಕರೆಗಳನ್ನು ಬರೆದಿಟ್ಟು ಬಾವಿಕಟ್ಟೆಯಿಂದ ಅವರಿಗೆ ದಾಟಿಸುವ ಕೆಲಸ ನನ್ನದು. ತಂಗಿಯ ಮೇಲಿನ ಮುನಿಸು ಇಳಿದು, ಈಗ ದಿನಾ ಮಧ್ಯಾಹ್ನ ಇವರೇ ಬೈಂದೂರಿಗೆ ಫೋನು ಮಾಡುತ್ತಾರೆ. ಅಡುಗೆಯವರ ಹೆಂಡತಿಗೆ ತರಕಾರಿ ಹೆಚ್ಚುವಾಗ ಬೇಜಾರಂತೆ.

ಹುಡುಗಿಗೆ ದಿನ ತುಂಬುತ್ತಾ ಬಂದಿದೆ. ಬಾರ್ಕೂರಿನ ಮೇಲೆ ಒಂದು ಮೋಡ ಕಂಡರೂ ನಾನು ಓಡಿಹೋಗಿ ರಿಸೀವರ್ ಎತ್ತಿ, ಎಂಗೇಜ್ ಬರಬಾರದೆಂದು ತಟ್ಟನೆ ಇಟ್ಟುಬಿಡುತ್ತೇನೆ. ನಿನ್ನೆ ಕಂಪೆನಿಗೆ ಫೋನು ಮಾಡಿ, ನಮ್ಮ ಲೈನನ್ನು ಯಾರೂ ಅಪ್ಪಿತಪ್ಪಿ ಸರಿಮಾಡದ ಹಾಗೆ ನೋಡಿಕೊಳ್ಳಿ ಎಂದು ದೂರು ಬರೆಸಿದ್ದೇನೆ. ಅದನ್ನೂ ಯಶಸ್ವಿಯಾಗಿ ಪರಿಹರಿಸಲಾಗಿದೆಯೆಂದು ಇವತ್ತು ಸಂದೇಶ ಬಂದಿದೆ. ಅದೇ ಈಗ ಚಿಂತೆ.