ಚುಕ್ಕಿಯ ಮೇಲಿಟ್ಟ ಬೋಲ್ಟುಗಳು

ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿದರೆ ಈಗಲೂ ಒಂದು ಮೂಲೆಯಿಂದ ಗ್ರೀಸಿನ ವಾಸನೆ ಏಳುತ್ತದೆ. ಅಂಗಳವೆಂದರೆ ದೊಡ್ಡದೇನೂ ಅಲ್ಲ. ಸಾರಕ್ಕಿ ಕೆರೆಯ ಹಿಂದಿನ ಬೀದಿಗಳಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಒಂದು ಸಣ್ಣ ಕಾರು ನಿಂತರೆ ಮುಕ್ಕಾಲು ಮುಗಿದುಹೋಗುವ ಸಿಮೆಂಟು ನೆಲ ಇರುತ್ತದಲ್ಲ, ನೀವೂ ನೋಡಿರುತ್ತೀರಿ, ಅಷ್ಟೇ. ಮೂರು ವರ್ಷ ತೊಳೆದರೂ ಆ ಕಪ್ಪು ಕಲೆ ಹೋಗಿಲ್ಲ. ಒಣಗಿದಾಗ ಸುಮ್ಮನಿರುತ್ತದೆ. ನೀರು ಬಿದ್ದ ಕೂಡಲೇ ಗಿರಿಜ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗಾಗುತ್ತದೆ.

ಗಿರಿಜ ನನ್ನ ಹೆಂಡತಿ. ಪಾಲಿಟೆಕ್ನಿಕ್ಕೊಂದರ ವರ್ಕ್‌ಶಾಪಿನಲ್ಲಿ ಅಟೆಂಡರ್ ಆಗಿದ್ದಳು. ಸ್ಪ್ಯಾನರು ಎತ್ತಿಕೊಡುತ್ತ, ಎಣ್ಣೆ ಒರೆಸುತ್ತ, ಮೇಷ್ಟ್ರುಗಳಿಗಿಂತ ಹೆಚ್ಚು ಕಲಿತಿದ್ದಳು. ನಾನು ದರ್ಜಿ, ಓದಿದ್ದು ಹತ್ತನೇ ಕ್ಲಾಸು. ಕಾರು ಓಡಿಸಲು ಬಾರದು. ನಮ್ಮ ಮನೆಯಲ್ಲಿ ಕಾರು ಅವಳದು, ಎಡಗಡೆಯ ಸೀಟು ನನ್ನದು. ಮದುವೆಗೆ ಹೋದರೆ ಅವಳು ಪಾರ್ಕಿಂಗ್ ಹುಡುಕಿ ಬರುವವರೆಗೂ ನಾನು ಛತ್ರದ ಬಾಗಿಲಲ್ಲಿ ಉಡುಗೊರೆ ಹಿಡಿದು ನಿಂತಿರುತ್ತಿದ್ದೆ.

ಆ ವರ್ಷ ಕಾರಿನ ಹಿಂಭಾಗ ಒಂದು ಕಡೆ ವಾಲತೊಡಗಿತು. ಹಿಂದಿನ ಎರಡು ಚಕ್ರಗಳನ್ನು ಹಿಡಿದಿಡುವ ಅಡ್ಡ ಕಬ್ಬಿಣ, ಆಕ್ಸಲ್ಲು, ತುಕ್ಕು ತಿಂದು ಬಗ್ಗಿತ್ತು. ಮೆಕ್ಯಾನಿಕ್ಕು ಇಣುಕಿ ನೋಡಿ, "ಗುಜರಿಗೆ ಹಾಕ್ಬಿಡಿ ಆಂಟಿ, ಇದಕ್ಕೆ ಯಾರೂ ಕೈ ಹಾಕಲ್ಲ" ಅಂದ. ಅದೇ ವಾರ ಡಾಕ್ಟರು ಅವಳ ಹೊಟ್ಟೆಯ ಗಡ್ಡೆಯ ಚಿತ್ರ ನೋಡಿ, ಸೋಮವಾರ ಅಡ್ಮಿಟ್ ಆಗಿ ಅಂದರು. ಗಿರಿಜ ಮೆಕ್ಯಾನಿಕ್ಕಿನ ಮಾತು ಒಪ್ಪಲಿಲ್ಲ. ಡಾಕ್ಟರ ಮಾತಿಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಆಸ್ಪತ್ರೆಗೆ ನನ್ ಕಾರಲ್ಲಿ ನಾನೇ ಓಡಿಸ್ಕೊಂಡು ಹೋಗ್ತೀನಿ."

"ಆಟೋ ಇದೆ, ಮೆಟ್ರೋ ಇದೆ."

"ಇರ್ಲಿ ಬಿಡಿ. ನನ್ನ ಯಾರೂ ಸಾಗಿಸೋದು ಬೇಡ."

ಶನಿವಾರ ಗುಜರಿಯಿಂದ ಇನ್ನೊಂದು ಆಕ್ಸಲ್ಲು, ಸ್ವಲ್ಪ ಗಟ್ಟಿಯಾಗಿದ್ದದ್ದು, ಆಟೋದಲ್ಲಿ ಬಂತು, ಅರ್ಧ ರಸ್ತೆಗೆ ಚಾಚಿಕೊಂಡು. ಭಾರ ಎತ್ತಬಾರದು ಅಂದಿದ್ದರು ಡಾಕ್ಟರು. ಅದನ್ನು ಹೊತ್ತಿದ್ದೂ, ಜಾಕಿ ಕೊಟ್ಟು ಕಾರಿನ ಹಿಂಭಾಗ ಎತ್ತಿದ್ದೂ ನಾನು ಮತ್ತು ಎದುರುಮನೆಯವರು. ಬಿಚ್ಚಿದ್ದು ಅವಳು. ಬಿಚ್ಚುವ ಮೊದಲು ರಂಗೋಲಿ ಪುಡಿ ತಂದು ಅಂಗಳದಲ್ಲಿ ಆಕ್ಸಲ್ಲಿನ ಆಕಾರ ಎಳೆದಳು, ಬೋಲ್ಟು ಇರುವಲ್ಲೆಲ್ಲ ಚುಕ್ಕಿ ಇಟ್ಟಳು. ಬಿಚ್ಚಿದ ಒಂದೊಂದನ್ನೂ ಅದರದರ ಚುಕ್ಕಿಯ ಮೇಲೆ ಕೂರಿಸುತ್ತ ಹೋದಳು. ಸಂಜೆಯ ಹೊತ್ತಿಗೆ ಬಿಳಿ ಗೆರೆಗಳ ನಡುವೆ ಕಪ್ಪು ಕಬ್ಬಿಣ ಅರಳಿಕೊಂಡಿತ್ತು. ಅಷ್ಟು ಚಂದದ ರಂಗೋಲಿಯನ್ನು ನಾನು ಹಬ್ಬದಲ್ಲೂ ನೋಡಿಲ್ಲ.

ಅವಳ ಅಕ್ಕ ಶಾಂತಕ್ಕ ಹನುಮಂತನಗರದಿಂದ ಚಪಾತಿ ಕಟ್ಟಿಕೊಂಡು ಬಂದವರು ಕಾರಿನ ಕೆಳಗಿಂದ ಚಾಚಿದ್ದ ಎರಡು ಕಾಲು ನೋಡಿ ನಿಂತುಬಿಟ್ಟರು. "ಏನ್ರೀ ಇದು? ಆಪರೇಷನ್ ಇಟ್ಕೊಂಡೋಳನ್ನ ಕಾರ್ ಕೆಳಗೆ ಮಲಗಿಸಿದೀರಲ್ಲ." ನಾನು ಸ್ಪ್ಯಾನರು ಹಿಡಿದು ನಿಂತಿದ್ದೆ. ಕಾಲುಗಳು ಮಾತಾಡಿದವು: "ಚಪಾತಿ ಒಳಗಿಡು ಅಕ್ಕ, ಗ್ರೀಸ್ ಆಗತ್ತೆ."

ಭಾನುವಾರ ನಾನು ಬೇಗ ಎದ್ದೆ. ನೋವಿನ ಮಾತ್ರೆಯ ಮಂಪರಿನಲ್ಲಿ ಅವಳು ಮಲಗಿದ್ದಳು. ಪಾಪ, ಬಾಗಿಲಿಗೆ ನೀರು ಹಾಕುವುದಾದರೂ ಮಾಡೋಣ ಅನ್ನಿಸಿತು. ಬೋಲ್ಟುಗಳನ್ನು ಜೋಪಾನವಾಗಿ ಆರಿಸಿ, ಒರೆಸಿ, ನನ್ನ ಗುಂಡಿ ಡಬ್ಬಿಯಲ್ಲಿ ಹಾಕಿದೆ. ಅಂಗಳ ಗುಡಿಸಿ, ತೊಳೆದು, ನನಗೆ ಬಂದಂತೆ ಒಂದು ಸೊಟ್ಟ ರಂಗೋಲಿಯನ್ನೂ ಎಳೆದೆ.

"ಯಾರ್ ಗುಡಿಸಿದ್ದು?"

"ನಾನೇ. ಒಂದೂ ಕಳೆದಿಲ್ಲ ನೋಡು, ಎಲ್ಲಾ ಡಬ್ಬೀಲಿದೆ."

ಅವಳು ಡಬ್ಬಿಯೊಳಗೆ ತುಂಬ ಹೊತ್ತು ನೋಡಿದಳು. ಯಾವ ಬೋಲ್ಟು ಯಾವ ಚುಕ್ಕಿಯದೋ ಇನ್ನು ತಿಳಿಯದು, ಸೋಮವಾರ ಕೈತಪ್ಪಿತು ಎಂದು ನನಗೂ ಆಗ ಅರ್ಥವಾಯಿತು. ಅಳುತ್ತಾಳೆ ಅಂದುಕೊಂಡೆ. "ಸಖತ್ತಾಗಿ ಒರೆಸಿದೀರಿ ರೀ. ಗುರುತಿಗೆ ತುಕ್ಕಾದ್ರೂ ಇತ್ತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಅವಳಿಗೆ ನೋಯುತ್ತಿತ್ತು.

ಆಮೇಲೆ ನಾನು ಅಂಗಡಿಯ ಟೇಪು ತಂದೆ. ಅಳತೆಯೊಂದು ನನಗೆ ಬರುತ್ತದೆ. ಅವಳು ಕೆಳಗಿಂದ ತೂತಿನ ಅಳತೆ ಕೂಗುವುದು, ನಾನು ಅದಕ್ಕೆ ಹೊಂದುವ ಬೋಲ್ಟು ಅಳೆದು ಕೈಗೆ ಕೊಡುವುದು. ಮಧ್ಯಾಹ್ನ ಎಲ್ಲವೂ ಕೂತವು. ಆದರೆ ಪೂರ್ತಿ ಬಿಗಿ ಮಾಡಲಿಲ್ಲ. "ಈಗ್ಲೇ ಬಿಗಿದ್ರೆ ಒಳಗಿರೋ ರಬ್ಬರು ತಿರುಚ್ಕೊಂಡೇ ಉಳಿಯತ್ತೆ. ಮೊದ್ಲು ಕಾರು ಇಳೀಲಿ, ತನ್ನ ಭಾರ ತಾನು ಹೊರ್ಲಿ." ಚಕ್ರಗಳ ಕೆಳಗೆ ಚಪ್ಪಡಿ ಕಲ್ಲಿಟ್ಟು ಕಾರನ್ನು ಇಳಿಸಿ, ಮತ್ತೆ ಕೆಳಗೆ ತೂರಿ ಕೊನೆಯ ಸುತ್ತು ಬಿಗಿದಳು.

ಕೊನೆಗೆ ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯಬೇಕಿತ್ತು. ಬ್ರೇಕು ತುಳಿಯಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು, ಜೀವನದಲ್ಲಿ ಮೊದಲ ಸಲ. ಹಿಂದಿನ ಚಕ್ರದ ಹತ್ತಿರದಿಂದ ಅವಳ ದನಿ ಬರುತ್ತಿತ್ತು. "ಒತ್ತಿ. ಹಿಡ್ಕೊಳ್ಳಿ. ಬಿಡಿ." ಎದುರಿನ ಗಾಜಿನಲ್ಲಿ ನುಗ್ಗೆಮರದ ನೆರಳು ಅಲ್ಲಾಡುತ್ತಿತ್ತು. "ಒತ್ತಿ. ಹಿಡ್ಕೊಳ್ಳಿ." ಕಾರು ನಿಂತಲ್ಲೇ ನಿಂತಿತ್ತು, ನಾವಿಬ್ಬರೂ ಎಲ್ಲಿಗೋ ಬಹಳ ದೂರ ಹೋಗುತ್ತಿದ್ದೆವು. ಅದು ಎಷ್ಟು ಹೊತ್ತು ನಡೆಯಿತೋ ತಿಳಿಯದು. ಇನ್ನೂ ನಡೆಯಲಿ ಅನ್ನಿಸುತ್ತಿತ್ತು.

ಸೋಮವಾರ ಅವಳೇ ಓಡಿಸಿದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೇಳಿದಳು, "ಹಿಂದಗಡೆಯಿಂದ ಶಬ್ದ ಬರ್ತಿದ್ಯಾ?"

"ಇಲ್ಲ."

"ಸರಿಯಾಗಿ ಕೇಳಿ ಹೇಳಿ."

"ಇಲ್ಲ ಕಣೆ."

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಒಂದೇ ಸಲಕ್ಕೆ ಕಾರು ನುಗ್ಗಿಸಿ ಕೈಬ್ರೇಕು ಎಳೆದಳು. ಆಪರೇಷನ್ನಿನ ನಂತರ ಅವಳು ಮನೆಗೆ ಬರಲಿಲ್ಲ. ಕಾರನ್ನು ಎದುರುಮನೆಯವರು ತಂದು ನಿಲ್ಲಿಸಿದರು.

ಅಂದಿನಿಂದ ಶಾಂತಕ್ಕ ಸಿಕ್ಕಾಗಲೆಲ್ಲ ಅದೇ ಮಾತು. ರೆಸ್ಟ್ ತಗೊಳ್ಳೋ ಎರಡು ದಿನ ಕಾರ್ ಕೆಳಗೆ ಕಳೆದ್ಲು, ನೀವು ಬೇಡ ಅನ್ಬೇಕಿತ್ತು. ಇರಬಹುದು ಎಂದು ನಾನೂ ತಲೆ ತಗ್ಗಿಸುತ್ತಿದ್ದೆ. ಅದರಿಂದ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದ್ದರೂ ತಗ್ಗಿಸುತ್ತಿದ್ದೆ.

ಇವತ್ತು ಮಧ್ಯಾಹ್ನ ಫೋನಿನಲ್ಲಿ ಮತ್ತೆ ಆ ಮಾತು ಬಂತು. "ನೀವಾದ್ರೂ ಆಟೋಲಿ ಕರ್ಕೊಂಡ್ ಹೋಗ್ಬೇಕಿತ್ತು."

"ಅವಳನ್ನ ಯಾರೂ ಕರ್ಕೊಂಡ್ ಹೋಗ್ಲಿಲ್ಲ ಅಕ್ಕ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅವಳೇ ಹೋದ್ಲು."

ಬೈಯುತ್ತಾರೆ ಅಂತ ಕಾದೆ.

"ಚಿಕ್ಕೋಳಿದ್ದಾಗ್ಲೂ ಹಾಗೇ" ಅಂದರು ಕೊನೆಗೆ. "ಗುಡ್ಡದ ರಸ್ತೇಲಿ ಬಾಡಿಗೆ ಸೈಕಲ್ಲು. ದೊಡ್ಡೋಳು ನಾನು, ಆದ್ರೆ ಹಿಂದೆ ಕೂರೋಳು ನಾನೇ. ಅವಳು ಒಂದಿನಾನೂ ಹಿಂದೆ ಕೂತಿಲ್ಲ."

"ಬೀಳಿಸ್ತಿದ್ಲಾ?"

"ಬೀಳಿಸಿಲ್ಲ ಕಣ್ರೀ. ಒಂದ್ಸಲಾನೂ ಬೀಳಿಸಿಲ್ಲ."

ಅವಳ ಹಿಂದೆ ಕೂತವರೊಬ್ಬರು, ಪಕ್ಕದಲ್ಲಿ ಕೂತವನೊಬ್ಬ, ಇಬ್ಬರೂ ತುಂಬ ಹೊತ್ತು ಫೋನು ಇಡಲಿಲ್ಲ.