ಕೊನೆಗಳನ್ನಷ್ಟೇ ನೋಡಿದವಳು

ಟಾಕೀಸಿನಲ್ಲಿ ಅವಳನ್ನು ಎಲ್ಲರೂ ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಸಿನಿಮಾ ಇನ್ನೇನು ಮುಗಿಯಬೇಕು ಎನ್ನುವಾಗ ಒಳಗೆ ಹೋಗಿ, ದಪ್ಪ ಪರದೆ ಸರಿಸಿ, ಹೊರಬಾಗಿಲುಗಳ ಅಗುಳಿ ತೆಗೆದು ನಿಲ್ಲುವುದು ಅವಳ ಕೆಲಸ. ಮಿಕ್ಕ ಹೊತ್ತು ಹೊರಗೆ ಟಿಕೆಟ್ ಹರಿಯಬೇಕು, ಸಾಲು ಮುರಿದವರನ್ನು ಗದರಬೇಕು, ಕಕ್ಕಸಿಗೆ ನೀರು ಬರುತ್ತಿದೆಯೋ ನೋಡಬೇಕು. ಹಾಗಾಗಿ ಇಷ್ಟು ವರ್ಷದಲ್ಲಿ ಅವಳು ನೋಡಿದ್ದು ಬರೀ ಕೊನೆಗಳನ್ನು. ಯಾರ ಕೈ ಯಾರು ಹಿಡಿದರು, ಯಾರು ಯಾರ ತೊಡೆಯ ಮೇಲೆ ಪ್ರಾಣ ಬಿಟ್ಟರು, ಎಲ್ಲ ಗೊತ್ತು. ಯಾಕೆ ಅಂತ ಮಾತ್ರ ಗೊತ್ತಿಲ್ಲ. "ಯಾಕೆ ಏನು ಅಂತ ಪುರಾಣ ಬೇಡ. ಕೊನೆಗೆ ಏನಾಯ್ತು, ಅಷ್ಟು ಹೇಳು" ಎನ್ನುವುದು ಮನೆಯಲ್ಲೂ ಅವಳ ಮಾತು. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವಳ ಮನೆಯಲ್ಲೇ ಕೊನೆಯಿಲ್ಲದ ಕಥೆಯೊಂದು ಬಂದು ವಕ್ಕರಿಸಿತು ನೋಡಿ.

ಅವಳ ಗಂಡ ಬಡಗಿ. ಒಳ್ಳೆಯ ಕೈ, ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ವಯಸ್ಸಾದಂತೆ ಮರೆವು ಹಿಡಿಯಿತು. ಮೊದಮೊದಲು ಉಳಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದವನು, ಆಮೇಲೆ ಉಳಿಯನ್ನು ಕೈಯಲ್ಲೇ ಹಿಡಿದುಕೊಂಡು ಇದೇನು ಎಂದು ಕೇಳತೊಡಗಿದ. ವಾಸಿಯಾಗುವ ಕಾಯಿಲೆಯಲ್ಲ ಎಂದರು ಡಾಕ್ಟರು. ಸರಿ, ಇದ್ದಷ್ಟು ದಿನ ನೋಡಿಕೊಂಡರಾಯಿತು ಎಂದು ಬಾಗಿಲಕ್ಕ ಟೊಂಕ ಕಟ್ಟಿ ನಿಂತಳು. ಅವಳು ಟಾಕೀಸಿಗೆ ಹೋದಾಗ ಅವನನ್ನು ನೋಡಿಕೊಳ್ಳಲು ವಾರಗಿತ್ತಿ ಇದ್ದಳು.

ಈ ವಾರಗಿತ್ತಿಯ ಪಾಡು ಶತ್ರುವಿಗೂ ಬೇಡ. ಗಂಡನ ತಮ್ಮನಿಗೆ ಬಂದ ಹೆಣ್ಣು. ಅಣ್ಣನೂ ತಮ್ಮನೂ ಒಂದೇ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಕೆಲಸಕ್ಕೆ ಹೋದ ತಮ್ಮ ಹಿಂತಿರುಗಲಿಲ್ಲ. ಅವತ್ತಿನಿಂದ ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ ಮುದುಕಿಯಾದಳು. ಬೀದಿಯವರ ಬಾಯಿಗೆ ಬೀಗ ಹಾಕುವವರುಂಟೆ? ಬಟ್ಟೆ ಹೊಲಿಸಲು ಬಂದವರೂ "ಓಡಿಹೋದವನ ಹೆಂಡತಿ ಮನೆ ಇದೇನಾ?" ಎಂದು ಕೇಳಿಕೊಂಡೇ ಬರುತ್ತಿದ್ದರು. ಅವಳು ತಲೆ ಎತ್ತದೆ ಅಳತೆ ತೆಗೆಯುತ್ತಿದ್ದಳು.

ಒಂದು ಬೆಳಗ್ಗೆ ತುತ್ತು ಬಾಯಿಗಿಡುವಾಗ ಗಂಡ ಬಾಗಿಲಕ್ಕನ ಮಣಿಕಟ್ಟು ಹಿಡಿದುಕೊಂಡ.

"ತಮ್ಮನ್ನ ನಾನೇ ಹೊಡೆದುಬಿಟ್ಟೆ ಕಣೆ."

"ಯಾರನ್ನ?"

"ತಮ್ಮನ್ನ. ಉಳಿ ಬಡಿಯೋ ಕೊಡತಿಯಲ್ಲಿ ತಲೆಗೆ ಹೊಡೆದೆ. ಮಿಲ್ಲಿನ ಹಿಂದೆ ಹೊಂಡ ಇತ್ತಲ್ಲ, ಅಲ್ಲಿ ಹಾಕಿ ಮೇಲೆ ಮರದ ಹೊಟ್ಟು ಮುಚ್ಚಿದೆ."

ಬಾಗಿಲಕ್ಕ ತುತ್ತನ್ನು ತಟ್ಟೆಗೆ ಹಾಕಿದಳು. ಇರುವೆ ಸಾಲು ಕಂಡರೆ ಹಾರಿ ದಾಟುತ್ತಿದ್ದ ಮನುಷ್ಯ! ಕಾಯಿಲೆ ಮಾತಾಡಿಸುತ್ತಿದೆ ಎಂದುಕೊಂಡಳು. ಆದರೆ ಮರುದಿನವೂ ಅದೇ ಕೊಡತಿ, ಅದೇ ಹೊಂಡ. ಬೆಳಗ್ಗೆ ಏನು ತಿಂದೆ ಎಂಬುದು ನೆನಪಿಲ್ಲದವನಿಗೆ ಇದೊಂದು ಮಾತ್ರ ಅಚ್ಚೊತ್ತಿದ ಹಾಗೆ ನೆನಪಿತ್ತು. ನಿಜವಾಗಿದ್ದರೆ? ಕೊಂದವನ ಮನೆಯಲ್ಲೇ ಆ ಹೆಣ್ಣು ಇಷ್ಟು ಕಾಲ ಉಂಡು ಮಲಗಿದಳಲ್ಲ! ಅವಳಿಗೆ ಹೇಳುವುದು ಹೇಗೆ, ಹೇಳದೆ ಅವಳ ಮುಖ ನೋಡುವುದು ಹೇಗೆ? ಬಾಗಿಲಕ್ಕನಿಗೆ ಅನ್ನ ಸೇರಲಿಲ್ಲ.

ಟಾಕೀಸಿನ ಬಳಿ ಡ್ಯೂಟಿಗೆ ಬರುವ ಪೊಲೀಸಿನವನನ್ನು, ಯಾರದ್ದೋ ಕಥೆಯೆಂಬಂತೆ ಕೇಳಿದಳು. ಅವನು ನಕ್ಕ.

"ಹೆಣ ಇಲ್ಲ, ಹೊಡೆದಿದ್ದು ಯಾತರಲ್ಲೋ ಅದೂ ಇಲ್ಲ, ಹೇಳೋನಿಗೆ ತಲೆ ಇಲ್ಲ. ನಾನು ಯಾರನ್ನ ಹಿಡೀಲಿ ಬಾಗಿಲಕ್ಕ, ಹೊಂಡಾನಾ?"

ಹೊಂಡವೂ ಇರಲಿಲ್ಲ. ಮಿಲ್ಲು ಕೆಡವಿ ಆ ಜಾಗದಲ್ಲಿ ಮಹಡಿ ಮೇಲೆ ಮಹಡಿ ಎದ್ದು ಎಷ್ಟೋ ಕಾಲವಾಗಿತ್ತು.

ಗಾಯದ ಮೇಲೆ ಬರೆ ಎಳೆದಂತೆ ಟಾಕೀಸಿಗೆ ಆಗಲೇ ಒಂದು ಸಿನಿಮಾ ಬಂತು. ಅದರಲ್ಲಿ ಕಥೆ ಹೇಳುವವನೇ ಕೊಲೆಗಾರ. ನೆರೆಯವರನ್ನು ಒಬ್ಬೊಬ್ಬರನ್ನಾಗಿ ಕೊಂದು ಬೀರುವಿನಲ್ಲಿ ಬಚ್ಚಿಟ್ಟೆ ಎನ್ನುತ್ತಾನೆ. ಕೊನೆಗೆ ಬೀರು ತೆಗೆದರೆ ಮಡಿಸಿಟ್ಟ ಬಟ್ಟೆ ಬಿಟ್ಟು ಬೇರೇನೂ ಇಲ್ಲ. ಅವನು ನೆಲದ ಮೇಲೆ ಕೂತು ನಗುತ್ತಾನೆ, ದೀಪ ಹತ್ತುತ್ತದೆ. ಬಾಗಿಲಕ್ಕ ತೆರೆದ ಬಾಗಿಲಿನಿಂದ ಜನ ಕಿತ್ತಾಡಿಕೊಂಡೇ ಹೊರಗೆ ಬರುತ್ತಿದ್ದರು.

"ಯಾರನ್ನೂ ಕೊಂದಿಲ್ಲ ಗುರೂ, ಎಲ್ಲಾ ಅವನ ತಲೇಲೇ ಆಗಿದ್ದು."

"ಹೋಗಯ್ಯ! ಹೆಣ ಯಾರೋ ಸಾಗಿಸಿದ್ದಾರೆ."

ಅವಳು ಆಪರೇಟರನ್ನು ಹಿಡಿದು ನಿಲ್ಲಿಸಿದಳು. "ದಿನಾ ಓಡಿಸ್ತೀಯಲ್ಲ, ನೀನು ಹೇಳು. ಕೊಂದನೋ ಇಲ್ಲವೋ?"

"ಎರಡೂ ಅಂದ್ಕೋಬಹುದಕ್ಕ. ಅದರಲ್ಲೇ ಇರೋದು ಮಜಾ."

"ಮಜಾ ಅಂತೆ ಮಜಾ! ಹೊಟ್ಟೆ ತುಂಬಿದವರ ಆಟ ಇದು. ಆ ಸತ್ತೋರ ಮನೆಯವರನ್ನ ಕೇಳಿದ್ದೀಯಾ, ಮಜಾ ಇದೆಯಾ ಅಂತ?"

ಆಪರೇಟರ್ ಪೆಚ್ಚಾದ. ಸಿನಿಮಾದಲ್ಲಿ ಸತ್ತವರಿಗೆ ಮನೆಯವರೆಲ್ಲಿಂದ ಬರಬೇಕು, ಪಾಪ.

ಕೊನೆ ಕೈಕೊಟ್ಟ ಮೇಲೆ ಮೊದಲಾದರೂ ನೋಡೋಣ ಎನ್ನಿಸಿತು ಅವಳಿಗೆ. ಒಂದು ದಿನ ಬೆಳಗಿನ ಆಟಕ್ಕೆ ಮ್ಯಾನೇಜರನ ಕೈಕಾಲು ಹಿಡಿದು ಮೊದಲಿನಿಂದ ಕೂತು ನೋಡಿದಳು. ಸುಳ್ಳು ಎಲ್ಲಿ ಶುರುವಾಗುತ್ತದೆ ಎಂದು ಕಥೆ ಹೇಳುವ ಆ ಕೊಲೆಗಾರನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು. ಏನೂ ಸಿಗಲಿಲ್ಲ. ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು: ಗಂಡನ ಕಥೆ ಎಲ್ಲಿ ಶುರುವಾಯಿತು? ಆಟದ ನಡುವಿನ ಬಿಡುವಿನಲ್ಲೇ ಎದ್ದು ಮನೆಯ ಕಡೆ ಹೆಜ್ಜೆ ಹಾಕಿದಳು.

ಮೆಷಿನ್ ಸದ್ದಿರಲಿಲ್ಲ. ಅರ್ಧ ತೆರೆದ ಬಾಗಿಲಿನಾಚೆ ವಾರಗಿತ್ತಿಯ ದನಿ, ಮಗುವಿನಿಂದ ಪಾಠ ಒಪ್ಪಿಸಿಕೊಳ್ಳುವಷ್ಟು ಮೆಲ್ಲಗೆ.

"ಹೇಳಿ ಭಾವ. ಯಾರು ಹೊಡೆದಿದ್ದು?"

"ನಾನು."

"ಯಾತರಲ್ಲಿ?"

"ಕೊಡತಿಯಲ್ಲಿ."

"ಅವರು ಎಲ್ಲೂ ಹೋಗಲಿಲ್ಲ ಅಲ್ವಾ? ಎಲ್ಲಿಗೂ ಹೋಗಲಿಲ್ಲ?"

"ಎಲ್ಲಿಗೂ ಹೋಗಲಿಲ್ಲ. ಹೊಂಡದಲ್ಲಿದಾನೆ."

"ಜಾಣ ಭಾವ" ಎಂದು ಅವಳು ಅವನ ಬಾಯಿಗೆ ಬಾಳೆಹಣ್ಣಿನ ಚೂರು ಇಟ್ಟಳು.

ಬಾಗಿಲಕ್ಕ ಬಾಗಿಲು ತಳ್ಳಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು. "ಏನೇ ಇದು? ಬುದ್ಧಿ ಇಲ್ಲದವರ ಬಾಯಲ್ಲಿ ಕೊಲೆ ತುರುಕ್ತಿದ್ದೀಯಾ? ನಿನ್ನ ಗಂಡ ಓಡಿಹೋಗಿದ್ದಕ್ಕೆ ನನ್ನ ಗಂಡ ಕೊಲೆಗಾರ ಆಗಬೇಕೇನೇ?"

ವಾರಗಿತ್ತಿ ಎದ್ದು ನಿಲ್ಲಲಿಲ್ಲ, ಅಳಲೂ ಇಲ್ಲ. "ಮೊದಲು ಭಾವನೇ ಅಂದ್ರು ಅಕ್ಕ. ಒಂದೇ ಒಂದು ಸಲ. ನಿದ್ದೆಗಣ್ಣಲ್ಲಿ ಅಂದ್ರೋ, ನಾನು ಕೇಳಿ ಕೇಳಿ ಅಂದ್ರೋ, ಈಗ ನಂಗೂ ಗೊತ್ತಾಗ್ತಿಲ್ಲ. ಎಲ್ಲಿ ಮರೆತುಬಿಡ್ತಾರೋ ಅಂತ ದಿನಾ ಕೇಳ್ತೀನಿ."

"ನೀನು ಮನುಷ್ಯಳಾ? ಕೊಂದೆ ಅಂದವನಿಗೆ ಹಣ್ಣು ತಿನ್ನಿಸ್ತಿದ್ದೀಯಲ್ಲೇ!"

"ಕೊಂದಿದ್ರೆ ನಮ್ಮನೆಯವರು ನನ್ನ ಬಿಟ್ಟು ಹೋಗಿಲ್ಲ ಅಂತಾಯ್ತಲ್ಲ ಅಕ್ಕ."

ಬಾಗಿಲಕ್ಕನ ಸಿಟ್ಟು ಎಲ್ಲಿ ಹೋಯಿತೋ. ಅವಳು ಹಾಗೇ ತಿರುಗಿ ಟಾಕೀಸಿಗೆ ಹೋಗಿ ಬಾಗಿಲು ತೆರೆದಳು.

ಅವನು ದಿನೇ ದಿನೇ ಸೊರಗಿದ. ಮಾತು ಕಡಿಮೆಯಾಯಿತು. ಒಂದು ಬೆಳಗ್ಗೆ ಬಾಗಿಲಕ್ಕ ಅವನ ಗಡ್ಡ ಹೆರೆಯುತ್ತಿದ್ದಳು. ಬಾಗಿಲು ಗಾಳಿಗೆ ಅಲ್ಲಾಡಿತು.

"ಆ ಕೀಲು ಕಿರುಗುಟ್ತಿದೆ. ಎಣ್ಣೆ ಬಿಡೋಕೇನು ಧಾಡಿ ನಿಂಗೆ?" ಎಂದ.

ಅದು ಹಳೆಯ ಗಂಡನ ದನಿ! ಕಣ್ಣು ತಿಳಿಯಾಗಿದ್ದವು. ಅವಳು ಕತ್ತಿ ಕೆಳಗಿಟ್ಟು ಪಿಸುಗುಟ್ಟಿದಳು. "ರೀ, ತಮ್ಮನಿಗೆ ಏನಾಯ್ತು ರೀ?"

"ಬಸ್ ಹತ್ತಿಸಿ ಬಂದೆ. ಜೊತೆಗೆ ಒಬ್ಬ ಹುಡುಗಿ ಇದ್ದಳು, ಬಸುರಿ. ನನ್ನ ಹೆಂಡ್ತಿಗೆ ಹೇಳಬೇಡ ಅಣ್ಣ ಅಂತ ಕೈ ಹಿಡ್ಕೊಂಡ. ಅದಕ್ಕೇ ನಾನು ಹೇಳಿಲ್ಲ."

ಅಷ್ಟೇ. ಕಣ್ಣಿಗೆ ಮತ್ತೆ ಮಬ್ಬು ಕವಿಯಿತು, ಸೋಪಿನ ನೊರೆ ನೆಕ್ಕಲು ಹೋದ. ಬಸ್ಸಿನ ಕಥೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದೇ ನಿಜವಿರಬೇಕು. ಅಥವಾ ಇದೂ ಅವನ ತಲೆಯಲ್ಲಿ ಈಗಷ್ಟೇ ಹುಟ್ಟಿದ್ದೋ? ಇರಲಿ, ತನ್ನ ಗಂಡನ ಕೈ ಶುದ್ಧ ಎನ್ನುವ ಮಾತು ಅವನ ಬಾಯಿಂದಲೇ ಬಂದಿತ್ತು. ಓಡಿಹೋಗಿ ಬೀದಿಯಲ್ಲಿ ಕೂಗಿ ಹೇಳಬೇಕು ಎನ್ನಿಸಿತು ಅವಳಿಗೆ.

ಮುಂದಿನ ಕೋಣೆಯ ಮೆಷಿನ್ ನಿಂತಿತು. ವಾರಗಿತ್ತಿ ಹೊಸ್ತಿಲಿಗೆ ಬಂದು ನಿಂತಳು. ಬೆರಳಿಗೆ ದಾರ ಸುತ್ತಿಕೊಂಡಿದ್ದಳು.

"ಭಾವ ಮಾತಾಡಿದ ಹಾಗಿತ್ತಲ್ಲ ಅಕ್ಕ. ಏನಂದ್ರು?"

ಬಾಗಿಲಕ್ಕ ಗಂಡನ ತುಟಿಯ ನೊರೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅದೇ ಕಣೆ, ಹೊಡೆದೆ ಅಂದ್ರು."

"ಕೊಡತಿಯಲ್ಲೇ?"

"ಹೂಂ. ಕೊಡತಿಯಲ್ಲೇ."