ರಷ್ಯಾದ ಮುದ್ದೆ ಯಾವ ಪುಟದಲ್ಲಿದೆ?

ರಷ್ಯಾದವರೂ ರಾಗಿ ಮುದ್ದೆ ಉಣ್ಣುತ್ತಾರೆ.

ಕಳೆದ ತಿಂಗಳು ಇದೇ ಜಾಗದಲ್ಲಿ ನಾನು ಹೀಗೆ ಬರೆದಿದ್ದೆ. ನಿಮಗೆ ನೆನಪಿರಬಹುದು. (ಇಲ್ಲದಿದ್ದರೆ ಇನ್ನೂ ಒಳ್ಳೆಯದು.) ಸುಮ್ಮನೆ ಬರೆದದ್ದಲ್ಲ. ನನ್ನ ಮೆಚ್ಚಿನ ರಷ್ಯನ್ ಕಾದಂಬರಿಕಾರರೇ ಹೇಳಿದ್ದಾರೆ ಅಂತ ಸಾಕ್ಷಿ ಬೇರೆ ಕೊಟ್ಟಿದ್ದೆ.

ಪೇಪರ್ ಬಂದ ದಿನವೇ ಕನಕಪುರದಿಂದ ಫೋನ್. ರಿಟೈರ್ಡ್ ಮೇಷ್ಟ್ರು. ಬಲು ಮೆತ್ತಗಿನ ದನಿ. ಆ ಲೇಖಕರ ಕಾದಂಬರಿಗಳನ್ನೆಲ್ಲ ಓದಿದ್ದಾರಂತೆ, ಎಲ್ಲೂ ಮುದ್ದೆ ಕಂಡ ನೆನಪಿಲ್ಲವಂತೆ. ಕೊನೆಗೆ ಕೇಳಿದರು, "ತಪ್ಪು ತಿಳ್ಕೋಬೇಡಿ ತಾಯಿ. ಅದು ಯಾವ ಪುಟದಲ್ಲಿದೆ?"

ನನಗೆ ನಗು ಬಂತು. ಅಷ್ಟೆಲ್ಲ ಓದಿದವರಿಗೆ ತಟ್ಟೆಯಲ್ಲಿದ್ದ ಮುದ್ದೆ ಕಾಣಲಿಲ್ಲವೇ? ಸ್ವಲ್ಪ ಟೈಮ್ ಕೊಡಿ ಸಾರ್, ಪುಟದ ನಂಬರ್ ಸಮೇತ ಬರೆಯುತ್ತೇನೆ ಅಂದೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಆ ಕಾದಂಬರಿಗಳನ್ನು ನಾನು ಓದೇ ಇರಲಿಲ್ಲ. ಕೇಳಿದ್ದೆ, ಅಷ್ಟೆ.

ನಮ್ಮದು ಕೈಲಾಂಚದ ಕಡೆ, ರೇಷ್ಮೆ ಹುಳು ಸಾಕುವ ಮನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಳು ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಹಾಕುವಂತಿಲ್ಲ. ಮಿಕ್ಕ ದಿನ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲದ ನಮಗೆ ಅದೇ ಸಂಡೆ.

ಹುಳು ಜ್ವರಕ್ಕೆ ಕೂತ ಮಧ್ಯಾಹ್ನ ನಮ್ಮನೆಯವರು ಜಗಲಿಯ ಮೇಲೆ ಕೂತು ಕಾದಂಬರಿ ಓದುತ್ತಿದ್ದರು. ಜೋರಾಗಿ. ನಾನೂ ಅತ್ತೆಯೂ ಕೇಳುತ್ತಿದ್ದೆವು.

ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡು ಮಾರಿ ಬರುವಾಗ ಬಸ್‌ಸ್ಟ್ಯಾಂಡ್ ಪಕ್ಕದ ಹಳೇ ಪುಸ್ತಕದವನ ಹತ್ತಿರ ತಂದ ಅನುವಾದಗಳು ಅವು. ಮೂರು ಪುಸ್ತಕ, ಮೂರೂ ಒಬ್ಬರವೇ. ಒಳಗಿನ ಫೋಟೊ ನೋಡಿ ಅತ್ತೆ ಆ ಲೇಖಕರಿಗೆ ಗಡ್ಡದಪ್ಪ ಅಂತ ಹೆಸರಿಟ್ಟರು. (ನಿಜವಾದ ಹೆಸರು ಈ ಸಲ ಬರೆಯುವುದಿಲ್ಲ. ಬರೆದರೆ ಅಕ್ಷರ ತಪ್ಪುತ್ತದೆ, ಮತ್ತೆ ಕನಕಪುರದಿಂದ ಫೋನ್ ಬರುತ್ತದೆ.)

ಗಡ್ಡದಪ್ಪನ ಕಥೆಗಳಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ನಮ್ಮೂರಲ್ಲಿ ಇಲ್ಲವೇ? ಸ್ಕೂಲಿನದೊಂದು, ಮನೆಯದೊಂದು, ಬೆನ್ನ ಹಿಂದೆ ಕರೆಯುವುದೊಂದು. ನಮ್ಮನೆಯವರು ಆ ಮೂರನ್ನೂ ಬಿಟ್ಟು ತಾವೇ ನಾಲ್ಕನೆಯದು ಇಡುತ್ತಿದ್ದರು. ಜಮೀನ್ದಾರನ ಹೆಂಡತಿ ಪುಟ್ಟಲಕ್ಷ್ಮಮ್ಮ. ಹಿಮದ ಮೇಲೆ ಅಂಚೆ ಗಾಡಿ ಹೊಡೆಯುವ ಯುವಕ ಸಿದ್ದ. ಆ ಗಾಡಿಗೆ ಚಕ್ರವೇ ಇಲ್ಲ, ಜಾರಿಕೊಂಡು ಹೋಗುತ್ತದೆ ಅಂದಾಗ ಅತ್ತೆ ಮಗನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ಸಿದ್ದ ಅಂದರೆ ಅತ್ತೆಗೆ ಪ್ರಾಣ. ಹುಳು ಯಾವಾಗ ಜ್ವರಕ್ಕೆ ಕೂರುತ್ತವೋ ಅಂತ ಅವುಗಳ ತಟ್ಟೆ ಇಣುಕಿ ನೋಡುತ್ತಿದ್ದರು. ಹುಳುವಿನ ಒಂದು ಬೆಳೆಯಲ್ಲಿ ಸಿದ್ದನಿಗೆ ಹುಡುಗಿ ಗೊತ್ತಾಯಿತು. ಮುಂದಿನ ಬೆಳೆಯಲ್ಲಿ ಅವನು ಹಿಮದ ಬಿರುಗಾಳಿಗೆ ಸಿಕ್ಕಿಕೊಂಡ. ಅವನ ತಾಯಿ ಒಲೆ ಮುಂದೆ ಕಾದಳು, ಕಾದಳು. ಕೊನೆಗೆ ಸಿದ್ದ ಬಾಗಿಲು ತಳ್ಳಿಕೊಂಡು ಒಳಗೆ ಬಂದ, ಮೀಸೆ ತುಂಬ ಮಂಜು. ತಾಯಿ ಬಿಸಿ ಮುದ್ದೆ ಇಕ್ಕಿದಳು. ನುಂಗಿ, ನೀರು ಕುಡಿದು ಮಲಗಿದ.

ನೋಡಿ, ಅದೇ ನಾನು ಹೇಳಿದ ಮುದ್ದೆ.

ನಮ್ಮನೆಯವರು ಹೋಗಿ ವರ್ಷ ತುಂಬಿತು. ಎದೆ ಹಿಡಿದಂಗೆ ಆಗ್ತದೆ ಅಂತ ಕೂತವರು ಏಳಲಿಲ್ಲ. ಆಮೇಲೆ ನಾನು ಆ ಪುಸ್ತಕ ಮುಟ್ಟಿರಲಿಲ್ಲ. ಸಿದ್ದನೂ ಪುಟ್ಟಲಕ್ಷ್ಮಮ್ಮನೂ ಅವರ ದನಿಯಲ್ಲೇ ಮಾತಾಡುತ್ತಾರೆ. ನಾನು ಓದಿದರೆ ಆ ಜಾಗದಲ್ಲಿ ನನ್ನ ದನಿ ಬಂದು ಕೂತುಬಿಟ್ಟರೆ? ಆದರೆ ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತು. ಅಟ್ಟದಿಂದ ಮೂರನ್ನೂ ಇಳಿಸಿ ಧೂಳು ಹೊಡೆದೆ.

ಮೊದಲ ಪುಸ್ತಕದಲ್ಲೇ ಅನುಮಾನ ಶುರು. ಬರೀ ಕಪ್ಪು ರೊಟ್ಟಿ, ಕೋಸಿನ ಸಾರು. ಇರಲಿ, ಮುಂದೆ ಬರುತ್ತದೆ ಅಂದುಕೊಂಡೆ. ಎರಡನೆಯದರಲ್ಲಿ ಪುಟ್ಟಲಕ್ಷ್ಮಮ್ಮನ ತಂಗಿಗೆ ಮದುವೆಯೇ ಆಗಲಿಲ್ಲ! ನಾವು ಕೇಳಿದಾಗ ಆಗಿತ್ತು. ಊಟಕ್ಕೆ ಹೋಳಿಗೆಯೂ ಇತ್ತು. ಕೆಟ್ಟ ಜಮೀನ್ದಾರ ಕೆಸರುಗುಂಡಿಗೆ ಬಿದ್ದು ಊರವರೆಲ್ಲ ನಕ್ಕಿದ್ದರಲ್ಲ? ಪುಸ್ತಕದಲ್ಲಿ ಅವನು ಕೊನೆಯವರೆಗೂ ಶುಭ್ರವಾಗಿಯೇ ಓಡಾಡಿಕೊಂಡಿದ್ದಾನೆ.

ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಲಾ ಮನುಷ್ಯ! ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಹೀಗೆ ಯಾಮಾರಿಸಿದ್ದೀರಲ್ಲ.

ಮೂರನೆಯದರಲ್ಲಿ ಬಿರುಗಾಳಿಯ ಪುಟ ಸಿಕ್ಕಿತು. ಒಲೆ ಇದೆ, ತಾಯಿ ಇದ್ದಾಳೆ. ಬಾಗಿಲಿಗೆ ಸದ್ದಾಗುತ್ತದೆ. ಓಡಿಹೋಗಿ ತೆಗೆದರೆ ಹೊರಗೆ ಸಿದ್ದನ ಗಾಡಿಯ ಕುದುರೆ ನಿಂತಿದೆ. ಕುದುರೆ ಮಾತ್ರ.

ಮುಂದಿನ ಪುಟದಲ್ಲಾದರೂ ಬಂದಾನು ಅಂತ ತಿರುವಿದೆ. ಅದರ ಮುಂದಿನದನ್ನೂ. ಸಿದ್ದ ಎಲ್ಲೂ ಇಲ್ಲ.

ಪುಸ್ತಕ ಮುಚ್ಚಿಟ್ಟೆ. ಕುದಿಯುವ ನೀರಿಗೆ ಹಾಕುವ ಗೂಡೊಳಗಿನ ಹುಳದ ಗತಿ ಏನು ಅಂತ ಯಾರಾದರೂ ಕೇಳಿದರೆ ನಮ್ಮನೆಯವರು, ಅದು ನೂಲು ತೆಗೆಯೋರ ವಿಷ್ಯ ಅಂತ ಮಾತು ತೇಲಿಸಿಬಿಡುತ್ತಿದ್ದರು. ಅಂಥವರು ಸಿದ್ದನನ್ನು ಹಿಮದಲ್ಲಿ ಬಿಟ್ಟು ಬರುತ್ತಾರೆಯೇ?

ಕಷ್ಟ ಶುರುವಾದದ್ದು ಹೋದ ವಾರ. ಹುಳು ಜ್ವರಕ್ಕೆ ಕೂತಿದ್ದವು. ನಾನು ಪುಸ್ತಕ ಇಳಿಸಿದ್ದನ್ನು ನೋಡಿದ್ದ ಅತ್ತೆ ಜಗಲಿಗೆ ಬಂದು ಕಾಲು ಚಾಚಿ ಕೂತರು.

"ಸಿದ್ದ ಗಾಳಿಗ್ ಸಿಕ್ಕಾಕೊಂಡಿದ್ದು ಓದವ್ವ."

ಮಗನನ್ನು ಕಳೆದುಕೊಂಡ ತಾಯಿ. ಅವರ ಮುಂದೆ ಆ ಕುದುರೆಯನ್ನು ಹೇಗೆ ಓದುವುದು? ಕಣ್ಣು ನೋಯುತ್ತಿದೆ ಅಂದೆ. ಕನ್ನಡಕ ತಂದುಕೊಟ್ಟರು. ಬಟ್ಟೆ ಒಗೆಯಬೇಕು ಅಂದೆ. ನಾಳೆ ಒಗೆಯುವೆಯಂತೆ ಅಂದರು.

ಓದಿದೆ. ಗಾಳಿ ಬಂತು, ತಾಯಿ ಕಾದಳು, ಬಾಗಿಲಿಗೆ ಸದ್ದಾಯಿತು. ಅಲ್ಲಿಂದ ಮುಂದೆ ಹಾಳೆ ಬಿಟ್ಟು, ಸಿದ್ದನನ್ನು ಒಳಗೆ ಕರೆತಂದು ಕೂರಿಸಿ ತಟ್ಟೆಗೆ ಮುದ್ದೆ ಹಾಕಿದೆ. ಸರಾಗವಾಗಿಯೇ ಹೇಳಿದೆ ಅಂದುಕೊಂಡೆ.

"ಸಾರು ಯಾವ್ದು?" ಅಂದರು ಅತ್ತೆ.

ಇದು ನನಗೆ ಮರೆತುಹೋಗಿತ್ತು. ಧೈರ್ಯ ಮಾಡಿ "ಉಪ್ಸಾರು" ಅಂದೆ.

"ನನ್ ಮಗ ಓದ್ದಾಗ ಬಸ್ಸಾರಿತ್ತು. ಅವತ್ತು ನಮ್ಮನೇಲೂ ಬಸ್ಸಾರೇ. ಒಲೆ ಮ್ಯಾಲೆ ಏನಿರ್ತಿತ್ತೋ ಅದ್ನೇ ಉಣ್ಣಿಸ್ತಿದ್ದ ಕಣವ್ವ ಅವ್ನು."

ನಾನು ತಲೆ ಎತ್ತಲಿಲ್ಲ. ಹಾಗಾದರೆ ಮುದ್ದೆಯದು ಮೊದಲೇ ಗೊತ್ತಿತ್ತೇ ಅಂತ ಕೇಳಿದೆ.

"ಅಷ್ಟೊಂದ್ ಹಿಮ ಬೀಳೋ ಕಡೆ ರಾಗಿ ಎಲ್ಲಿಂದ ಬೆಳದಾರು?" ಅಂದರು. ಆಮೇಲೆ, "ಪುಸ್ತಕ್ದಾಗೆ ಅವ್ನು ಬರಾಕಿಲ್ಲ ಅಲ್ವಾ?" ಅಂದರು.

ನಾನು ಪುಸ್ತಕ ಮಡಿಸಿ ಪಕ್ಕಕ್ಕಿಟ್ಟೆ.

"ಅವತ್ತು ಓದ್ತಾ ಓದ್ತಾ ಹಾಳೆ ನೋಡೋದ್ ಬುಟ್ಟು ನನ್ ಮಕ ನೋಡ್ದ. ಆಗ್ಲೇ ತಿಳ್ಕೊಂಡೆ. ನೀನೂ ಈಗ ಅಂಗೇ ನೋಡ್ದೆ."

ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಳುತ್ತಾರೇನೋ ಅಂದುಕೊಂಡೆ. ಇಲ್ಲ.

"ಇವತ್ತು ಏನ್ ಸಾರ್ ಮಾಡಿದ್ದೀಯ?"

ಹುರುಳಿಕಾಳಿಂದು ಅಂದೆ.

"ಅಂಗಾರೆ ಅವ್ನಿಗೂ ಅದ್ನೇ ಇಕ್ಕು. ಒಸಿ ಜಾಸ್ತಿನೇ ಇಕ್ಕು, ಚಳೀಲಿ ಬಂದವ್ನೆ."

ಇಕ್ಕಿದೆ. ಎರಡನೇ ಸಲ ಬಡಿಸಿಕೊಂಡ ಸಿದ್ದ. ದನಿ ನನ್ನದೇ ಇತ್ತು. ಹೆದರಿದಷ್ಟು ಕೆಟ್ಟದಾಗೇನೂ ಇರಲಿಲ್ಲ.

ಮೇಷ್ಟ್ರೇ, ನೀವೇ ಸರಿ, ಪುಸ್ತಕದಲ್ಲಿ ಮುದ್ದೆಯ ಪುಟವೇ ಇಲ್ಲ. ಆದರೆ ನಿಮ್ಮ ಪುಸ್ತಕದ ಸಿದ್ದ ಇನ್ನೂ ಹಿಮದಲ್ಲೇ ಇದ್ದಾನಲ್ಲ, ಅವನನ್ನೂ ಒಂದು ಸಲ ಊಟಕ್ಕೆ ಇತ್ತ ಕಳಿಸುತ್ತೀರಾ?